ದಡಾರದ ಪಿಡುಗು ಮತ್ತು ಅದರ ನಿವಾರಣೆ

ಮಕ್ಕಳಿರುವ ಮನೆಗಳಲ್ಲಿ ದಡಾರದ ಹೆಸರನ್ನು ಕೇಳದವರು ವಿರಳ. ಕೆಲವೆಡೆ ಇದನ್ನು ಗೊಬ್ಬರವೆಂದೂ, ಮತ್ತೆ ಕೆಲವೆಡೆ ‘ಅಮ್ಮ’ ಎಂದೂ ಕರೆಯುವ ರೂಢಿಯುಂಟು. ಮಗುವೆಂದ ಮೇಲೆ ಒಮ್ಮೆ ಬಂದು ಹೋಗತಕ್ಕ ಕಾಯಿಲೆಯಿದು, ಇದಕ್ಕೆ ಭಯಪಡಬೇಕಾದುದಿಲ್ಲ ಎಂಬ ಭಾವನೆ ಬಹುಕಾಲದಿಂದ ನಮ್ಮ ಜನರಲ್ಲಿ ಬೇರೂರಿದೆ. ಈ ಭಾವನೆಯು ಎಷ್ಟು ತಪ್ಪಾದುದೆಂಬುದನ್ನು ಅಂಕಿಅಂಶಗಳೇ ತಿಳಿಸುತ್ತವೆ. ಲಸಿಕೆಯು ಬಳಕೆಗೆ ಬರುವ ಮೊದಲು ಪ್ರಪಂಚದಲ್ಲಿ ಪ್ರತಿವರ್ಷ ಸುಮಾರು 26 ಲಕ್ಷ ಜನರು ದಡಾರದಿಂದ ಸಾಯುತ್ತಿದ್ದರೆಂದು ವಿಶ್ವ ಆರೋಗ್ಯ ಸಂಸ್ಥೆಯು ಅಂದಾಜು ಮಾಡಿದೆ. ಅವರಲ್ಲಿ ಬಹುಪಾಲು ಐದು ವರ್ಷದೊಳಗಿನ ಮಕ್ಕಳು. ಸುಲಭ ಬೆಲೆಯ, ನಿರಪಾಯಕರವಾದ ಲಸಿಕೆಯು ಲಭ್ಯವಿದ್ದರೂ 2023ರಲ್ಲಿ ಈ ರೋಗಕ್ಕೆ ಬಲಿಯಾದವರ ಸಂಖ್ಯೆ ಒಂದು ಲಕ್ಷವನ್ನು ಮೀರಿತ್ತು. ತಡೆಯಬಹುದಾಗಿದ್ದ ಸಾವುಗಳಿವು ಎಂಬುದನ್ನು ಪ್ರತಿಯೊಬ್ಬ ತಾಯಿತಂದೆಯೂ ಮನಗಾಣಬೇಕು.

ರೋಗದ ಕಾರಣ ಮತ್ತು ಹರಡುವ ಬಗೆ

ದಡಾರವು ವೈರಸ್ ಎಂಬ ಅತಿಸೂಕ್ಷ್ಮ ರೋಗಾಣುವಿನಿಂದ ಉಂಟಾಗುತ್ತದೆ. ಈ ವೈರಸ್ಸಿಗೆ ಮನುಷ್ಯನ ದೇಹವೊಂದೇ ಆಶ್ರಯ. ಸೊಳ್ಳೆಯಾಗಲಿ, ದನಕರುಗಳಾಗಲಿ, ನೀರಾಗಲಿ ಇದನ್ನು ಹರಡುವುದಿಲ್ಲ. ರೋಗಿಯು ಕೆಮ್ಮಿದಾಗ, ಸೀನಿದಾಗ, ಮಾತನಾಡಿದಾಗ ಹೊರಬೀಳುವ ತುಂತುರಿನಲ್ಲಿ ರೋಗಾಣುಗಳು ಸೇರಿರುತ್ತವೆ. ರೋಗಿಯು ಕೊಠಡಿಯಿಂದ ಎದ್ದು ಹೋದ ಮೇಲೂ ಅಲ್ಲಿನ ಗಾಳಿಯಲ್ಲಿ ಅವು ಎರಡು ಗಂಟೆಗಳವರೆಗೆ ಉಳಿದಿರಬಲ್ಲವು. ರೋಗನಿರೋಧಕ ಶಕ್ತಿಯಿಲ್ಲದ ಹತ್ತು ಮಕ್ಕಳು ರೋಗಿಯ ಸಮೀಪದಲ್ಲಿದ್ದರೆ ಅವರಲ್ಲಿ ಒಂಬತ್ತು ಮಕ್ಕಳಿಗೆ ರೋಗ ತಗಲುವುದು ನಿಶ್ಚಿತವೆಂದೇ ತಿಳಿಯಬೇಕು. ಮನುಷ್ಯರಿಗೆ ಬರುವ ಸಾಂಕ್ರಾಮಿಕ ರೋಗಗಳಲ್ಲಿ ಇಷ್ಟು ಶೀಘ್ರವಾಗಿ ಹರಡತಕ್ಕವು ಬಹಳ ಕಡಿಮೆ.

ರೋಗಾಣುವು ದೇಹವನ್ನು ಸೇರಿದ ಸುಮಾರು ಹತ್ತು ದಿನಗಳ ಅನಂತರ ಮಗುವಿಗೆ ಜ್ವರ, ನೆಗಡಿ, ಒಣಕೆಮ್ಮು ಪ್ರಾರಂಭವಾಗುತ್ತವೆ. ಕಣ್ಣುಗಳು ಕೆಂಪಾಗಿ ನೀರು ಸುರಿಸುತ್ತವೆ. ಮಗು ಬೆಳಕನ್ನು ನೋಡಲು ಇಚ್ಛಿಸುವುದಿಲ್ಲ. ಬಾಯಿಯ ಒಳಗೆ, ಕೆನ್ನೆಯ ಭಾಗದಲ್ಲಿ, ಉಪ್ಪಿನ ಹರಳಿನಂತಹ ಬಿಳಿಯ ಚುಕ್ಕೆಗಳು ಕಾಣಿಸಿಕೊಳ್ಳುವುದುಂಟು. ಮೂರು ನಾಲ್ಕು ದಿನ ಕಳೆದ ಮೇಲೆ ಕಿವಿಯ ಹಿಂಭಾಗದಲ್ಲಿಯೂ ಮುಖದ ಮೇಲೆಯೂ ಕೆಂಪು ದದ್ದುಗಳೆದ್ದು ಕ್ರಮವಾಗಿ ಎದೆ, ಹೊಟ್ಟೆ, ಕೈಕಾಲುಗಳಿಗೆ ಇಳಿಯುತ್ತವೆ.

ಇಲ್ಲಿ ಮುಖ್ಯವಾಗಿ ಗಮನಿಸತಕ್ಕ ಅಂಶವೊಂದಿದೆ. ದದ್ದು ಏಳುವುದಕ್ಕೆ ನಾಲ್ಕು ದಿನ ಮೊದಲಿನಿಂದಲೇ ಮಗುವು ರೋಗವನ್ನು ಇತರರಿಗೆ ಹರಡುತ್ತಿರುತ್ತದೆ. ಆ ದಿನಗಳಲ್ಲಿ ತಾಯಿಯು ಅದನ್ನು ಸಾಮಾನ್ಯ ನೆಗಡಿಯೆಂದೇ ಭಾವಿಸಿ ಅಂಗನವಾಡಿಗೆ ಕಳುಹಿಸಿರಬಹುದು, ಮದುವೆಗೋ ಜಾತ್ರೆಗೋ ಕರೆದೊಯ್ದಿರಬಹುದು. ಸಿಡುಬು ಹೀಗಿರಲಿಲ್ಲ. ಸಿಡುಬಿನ ರೋಗಿಯು ಗುಳ್ಳೆಗಳು ಕಾಣಿಸಿಕೊಳ್ಳುವ ವೇಳೆಗೆ ಮಾತ್ರ ರೋಗವನ್ನು ಹರಡಲಾರಂಭಿಸುತ್ತಿದ್ದನು. ಆದುದರಿಂದ ರೋಗಿಯನ್ನು ಪತ್ತೆ ಹಚ್ಚಿ, ಪ್ರತ್ಯೇಕಿಸಿ, ಸುತ್ತಲಿನವರಿಗೆ ಲಸಿಕೆ ಹಾಕುವ ಉಪಾಯದಿಂದ ಅದನ್ನು ಬೇಲಿ ಕಟ್ಟಿದಂತೆ ತಡೆಯಲು ಸಾಧ್ಯವಾಯಿತು. 1980ರಲ್ಲಿ ಪ್ರಪಂಚವು ಸಿಡುಬಿನಿಂದ ಮುಕ್ತವಾಯಿತೆಂದು ಘೋಷಿಸಲಾಯಿತು. ದಡಾರಕ್ಕೆ ಈ ಉಪಾಯವೊಂದೇ ಸಾಲದು. ದದ್ದು ಕಂಡು ನಾವು ಎಚ್ಚೆತ್ತುಕೊಳ್ಳುವ ಹೊತ್ತಿಗೆ ರೋಗವು ಬೇಲಿಯನ್ನು ದಾಟಿರುತ್ತದೆ. ಬೆಂಕಿ ಬಿದ್ದ ಮೇಲೆ ಬಾವಿ ತೋಡುವ ಪ್ರಯತ್ನವು ಈ ರೋಗದ ವಿಷಯದಲ್ಲಿ ಅಕ್ಷರಶಃ ವ್ಯರ್ಥ.

ರೋಗವು ಬಿಟ್ಟುಹೋಗುವ ಹಾನಿ

ದದ್ದುಗಳು ಬಾಡಿ ಹೋದೊಡನೆ ಅಪಾಯವು ಕಳೆಯಿತೆಂದು ತಿಳಿಯುವುದು ಸರಿಯಲ್ಲ. ದಡಾರದಿಂದ ಸಾಯುವ ಮಕ್ಕಳಲ್ಲಿ ಹೆಚ್ಚಿನವರು ಸಾಯುವುದು ಅದರ ಬೆನ್ನಿಗೇ ಬರುವ ನ್ಯುಮೋನಿಯಾದಿಂದ. ತೀವ್ರವಾದ ಭೇದಿ, ಕಿವಿ ಸೋರುವುದು, ಬಾಯಿಹುಣ್ಣು ಇವು ಸಾಮಾನ್ಯ. ‘ಎ’ ಜೀವಸತ್ತ್ವದ ಕೊರತೆಯಿರುವ ಮಗುವಿನ ಕಣ್ಣಿನ ಪಾಪೆಯು ಕೆಟ್ಟು ಶಾಶ್ವತವಾದ ಕುರುಡುತನ ಬರಬಹುದು. ಸುಮಾರು ಸಾವಿರ ರೋಗಿಗಳಲ್ಲಿ ಒಬ್ಬರಿಗೆ ಮಿದುಳಿನ ಉರಿಯೂತ ಉಂಟಾಗುತ್ತದೆ. ಪೋಷಣೆಯಿಲ್ಲದೆ ಬಡಕಲಾದ ಮಗುವಿಗೆ ಈ ಎಲ್ಲ ತೊಡಕುಗಳೂ ಹೆಚ್ಚು.

ಇತ್ತೀಚಿನ ಸಂಶೋಧನೆಗಳಿಂದ ಮತ್ತೊಂದು ಸಂಗತಿಯೂ ಬೆಳಕಿಗೆ ಬಂದಿದೆ. ನಮ್ಮ ದೇಹವು ಹಿಂದೆ ಎದುರಿಸಿದ ರೋಗಾಣುಗಳನ್ನು ನೆನಪಿನಲ್ಲಿಟ್ಟುಕೊಂಡು ಅವು ಮತ್ತೆ ಬಂದಾಗ ಹೋರಾಡುತ್ತದೆ. ದಡಾರದ ವೈರಸ್ಸು ಈ ನೆನಪನ್ನೇ ಅಳಿಸಿಹಾಕುತ್ತದೆ. ನೆದರ್ಲೆಂಡ್ಸ್ ದೇಶದಲ್ಲಿ ಲಸಿಕೆ ಪಡೆಯದಿದ್ದ 77 ಮಕ್ಕಳ ರಕ್ತವನ್ನು ದಡಾರ ಬರುವ ಮುನ್ನ ಹಾಗೂ ಬಂದ ಅನಂತರ ಪರೀಕ್ಷಿಸಿ 2019ರಲ್ಲಿ ಫಲಿತಾಂಶವನ್ನು ಪ್ರಕಟಿಸಲಾಯಿತು. ಇತರ ರೋಗಗಳ ವಿರುದ್ಧ ಅವರು ಗಳಿಸಿಕೊಂಡಿದ್ದ ರಕ್ಷಕ ವಸ್ತುಗಳಲ್ಲಿ ಶೇಕಡ 11ರಿಂದ 73ರಷ್ಟು ನಾಶವಾಗಿದ್ದವು. ದಡಾರದಿಂದ ಎದ್ದ ಮಗು ತಿಂಗಳುಗಟ್ಟಲೆ ಒಂದಲ್ಲ ಒಂದು ಕಾಯಿಲೆಯಿಂದ ನರಳುವುದನ್ನು ಅನುಭವಸ್ಥ ತಾಯಂದಿರು ಬಲ್ಲರು. ಅದರ ಕಾರಣವು ಈಗ ನಮಗೆ ತಿಳಿದಂತಾಗಿದೆ.

ಮೂರು ದ್ವೀಪಗಳ ಪಾಠ

ಪಿಡುಗುಗಳು ಹೇಗೆ ಏಳುತ್ತವೆಂಬುದನ್ನು ಅರಿಯಲು ಸಮುದ್ರದ ನಡುವಿನ ಮೂರು ದ್ವೀಪಸಮೂಹಗಳ ವೃತ್ತಾಂತವು ಸಹಾಯಕವಾಗಿದೆ.

ಮೊದಲನೆಯದು ಉತ್ತರ ಅಟ್ಲಾಂಟಿಕ್ ಸಾಗರದಲ್ಲಿರುವ, ಡೆನ್ಮಾರ್ಕಿಗೆ ಸೇರಿದ ಫೆರೋ ದ್ವೀಪಗಳು. 1781ರ ಅನಂತರ 65 ವರ್ಷ ಅಲ್ಲಿ ದಡಾರ ಕಾಣಿಸಿಕೊಂಡಿರಲಿಲ್ಲ. 1846ರಲ್ಲಿ ಕೋಪನ್‌ಹೇಗನ್ನಿನಿಂದ ಹಡಗಿನಲ್ಲಿ ಬಂದ ಬಡಗಿಯೊಬ್ಬನಿಂದ ರೋಗವು ದ್ವೀಪವನ್ನು ಹೊಕ್ಕಿತು. 7,782 ನಿವಾಸಿಗಳಲ್ಲಿ ಸುಮಾರು 6,000 ಜನ ಕೆಲವೇ ತಿಂಗಳುಗಳಲ್ಲಿ ಹಾಸಿಗೆ ಹಿಡಿದರು. ಡೆನ್ಮಾರ್ಕ್ ಸರ್ಕಾರವು ಕಳುಹಿಸಿದ ಪೀಟರ್ ಪಾನುಮ್ ಎಂಬ ತರುಣ ವೈದ್ಯನು ಹಳ್ಳಿಯಿಂದ ಹಳ್ಳಿಗೆ ಸಂಚರಿಸಿ ಎಲ್ಲವನ್ನೂ ಬರೆದಿಟ್ಟನು. ಒಂದು ಹಳ್ಳಿಯ ಹತ್ತು ಜನರು ಜೂನ್ 4ರಂದು ತಿಮಿಂಗಿಲದ ಬೇಟೆಗೆಂದು ಬೇರೆ ಊರಿಗೆ ಹೋಗಿದ್ದರು. ಜೂನ್ 18ರಂದು ಆ ಹತ್ತು ಜನರಿಗೂ ದದ್ದುಗಳೆದ್ದವು. ಸೋಂಕು ತಗಲಿದ ಹದಿನಾಲ್ಕನೆಯ ದಿನದ ಸುಮಾರಿಗೆ ದದ್ದು ಏಳುತ್ತದೆಂಬ ನಿಯಮವು ಹೀಗೆ ಸ್ಥಿರಪಟ್ಟಿತು. 1781ರಲ್ಲಿ ಬಾಲ್ಯದಲ್ಲಿ ದಡಾರವನ್ನು ಅನುಭವಿಸಿದ್ದ ವೃದ್ಧರಲ್ಲಿ ಪಾನುಮ್ ಕಂಡ ಯಾರಿಗೂ ರೋಗವು ಮರುಕಳಿಸಿರಲಿಲ್ಲ. ಒಮ್ಮೆ ಗಳಿಸಿದ ನಿರೋಧಕ ಶಕ್ತಿಯು ಜೀವಮಾನವಿಡೀ ಉಳಿಯುತ್ತದೆಂಬುದು ಇದರಿಂದ ದೃಢವಾಯಿತು. ಲಸಿಕೆಯ ಸಾಧ್ಯತೆಯು ಅಡಗಿದ್ದುದು ಈ ಸತ್ಯದಲ್ಲಿಯೇ.

ಎರಡನೆಯದು ಪೆಸಿಫಿಕ್ ಸಾಗರದ ಫಿಜಿ. ಅಲ್ಲಿನ ದೊರೆ ಥಾಕೊಂಬೌ ಮತ್ತು ಆತನ ಮಕ್ಕಳು ಆಸ್ಟ್ರೇಲಿಯದ ಸಿಡ್ನಿ ನಗರವನ್ನು ಸಂದರ್ಶಿಸಿ 1875ರ ಜನವರಿಯಲ್ಲಿ ಬ್ರಿಟಿಷ್ ಯುದ್ಧನೌಕೆಯಲ್ಲಿ ಹಿಂದಿರುಗಿದರು. ಅವರೊಂದಿಗೆ ದಡಾರವೂ ಬಂದಿಳಿಯಿತು. ದೊರೆಯನ್ನು ಕಾಣಲು ನಾನಾ ದ್ವೀಪಗಳಿಂದ ಬಂದಿದ್ದ ನಾಯಕರು ಸೋಂಕನ್ನು ಹೊತ್ತು ತಮ್ಮ ತಮ್ಮ ಊರುಗಳಿಗೆ ಮರಳಿದರು. ಆ ವೈರಸ್ಸನ್ನು ಹಿಂದೆಂದೂ ಕಾಣದಿದ್ದ ಜನರಲ್ಲಿ ಸುಮಾರು 40,000 ಮಂದಿ, ಎಂದರೆ ನಾಲ್ವರಲ್ಲಿ ಒಬ್ಬರಿಗಿಂತ ಹೆಚ್ಚು ಜನ, ಮರಣಹೊಂದಿದರು. ಮನೆಮಂದಿಯೆಲ್ಲರೂ ಒಮ್ಮೆಗೇ ಮಲಗಿದಾಗ ಗಂಜಿ ಕಾಯಿಸಿಕೊಡುವವರೂ ಇಲ್ಲದೆ ಸತ್ತವರು ಅನೇಕರು.

ಮೂರನೆಯದು ಅದೇ ಸಾಗರದ ಸಮೋವಾ. ಇದು ಹಳೆಯ ಕಥೆಯಲ್ಲ. 2018ರ ಜುಲೈನಲ್ಲಿ ಅಲ್ಲಿ ಲಸಿಕೆಯ ಪುಡಿಯನ್ನು ಕಲಸುವಾಗ ಅದಕ್ಕೆಂದೇ ಇರುವ ನೀರಿಗೆ ಬದಲಾಗಿ ಸ್ನಾಯುಗಳನ್ನು ಸಡಿಲಗೊಳಿಸುವ ಬೇರೊಂದು ಔಷಧಿಯನ್ನು ಬೆರೆಸಿದ್ದರಿಂದ ಎರಡು ಶಿಶುಗಳು ಮೃತಪಟ್ಟವು. ದೋಷವು ಲಸಿಕೆಯದಾಗಿರಲಿಲ್ಲ. ಆದರೆ ಜನರಿಗೆ ಲಸಿಕೆಯ ಮೇಲೆಯೇ ಭಯ ಹುಟ್ಟಿತು. ಸರ್ಕಾರವು ಲಸಿಕಾ ಕಾರ್ಯವನ್ನು ಹಲವು ತಿಂಗಳು ನಿಲ್ಲಿಸಿತು. ಆ ವರ್ಷ ಲಸಿಕೆ ಪಡೆದ ಶಿಶುಗಳ ಪ್ರಮಾಣವು ಮೂರನೆಯ ಒಂದು ಭಾಗದಷ್ಟಕ್ಕೆ ಕುಸಿಯಿತು. 2019ರ ಕೊನೆಯಲ್ಲಿ ದಡಾರವು ಹೊರಗಿನಿಂದ ಬಂದಾಗ ಸುಮಾರು ಎರಡು ಲಕ್ಷ ಜನಸಂಖ್ಯೆಯ ಆ ಪುಟ್ಟ ದೇಶದಲ್ಲಿ 5,700ಕ್ಕೂ ಹೆಚ್ಚು ಜನರಿಗೆ ರೋಗ ತಗಲಿ 83 ಮಂದಿ ಸತ್ತರು. ಅವರಲ್ಲಿ ಬಹುತೇಕರು ಐದು ವರ್ಷದೊಳಗಿನ ಮಕ್ಕಳು. ಡಿಸೆಂಬರ್ 5 ಮತ್ತು 6ರಂದು ಸರ್ಕಾರವು ಕಚೇರಿಗಳನ್ನೆಲ್ಲ ಮುಚ್ಚಿ ನೌಕರರನ್ನು ಈ ಕಾರ್ಯಕ್ಕೆ ನಿಯೋಜಿಸಿತು. ಲಸಿಕೆ ಪಡೆಯದವರಿರುವ ಮನೆಯವರು ಬಾಗಿಲ ಮುಂದೆ ಕೆಂಪು ಬಟ್ಟೆಯನ್ನು ತೂಗುಹಾಕಬೇಕೆಂದು ತಿಳಿಸಲಾಯಿತು. ಆರೋಗ್ಯ ಕಾರ್ಯಕರ್ತರು ಆ ಗುರುತನ್ನು ಹಿಡಿದು ಮನೆಮನೆಗೂ ಹೋಗಿ ಲಸಿಕೆ ಹಾಕಿದ ಮೇಲೆ ಪಿಡುಗು ಇಳಿಮುಖವಾಯಿತು.

ಫಿಜಿಯ ಜನರಿಗೆ ಆತ್ಮರಕ್ಷಣೆಯ ಮಾರ್ಗವೇ ತಿಳಿದಿರಲಿಲ್ಲ. ಸಮೋವಾದಲ್ಲಿ ಮಾರ್ಗವು ತಿಳಿದಿತ್ತು, ಲಸಿಕೆಯೂ ಇತ್ತು. ವಿಶ್ವಾಸವು ಮಾತ್ರ ಮುರಿದಿತ್ತು. ಲಸಿಕೆ ಹಾಕುವವರ ಎಚ್ಚರಿಕೆ ಮತ್ತು ಹಾಕಿಸಿಕೊಳ್ಳುವವರ ನಂಬಿಕೆ ಇವೆರಡೂ ಒಂದೇ ಬಂಡಿಯ ಎರಡು ಗಾಲಿಗಳೆಂಬುದನ್ನು ನಮ್ಮ ಇಲಾಖೆಯ ಸಿಬ್ಬಂದಿಯೂ ಸಾರ್ವಜನಿಕರೂ ಸಮಾನವಾಗಿ ನೆನಪಿಡತಕ್ಕದ್ದು.

ಪಿಡುಗು ಏಳುವ ಲೆಕ್ಕ

“ನೂರಕ್ಕೆ ತೊಂಬತ್ತು ಮಕ್ಕಳಿಗೆ ಲಸಿಕೆಯಾಗಿದೆ. ಉಳಿದ ಹತ್ತು ಮಕ್ಕಳಿಂದ ಏನಾದೀತು?” ಎಂದು ಕೆಲವರು ಕೇಳುವುದುಂಟು. ಇದಕ್ಕೆ ಸರಳವಾದ ಲೆಕ್ಕವೇ ಉತ್ತರ.

ಯಾರಿಗೂ ನಿರೋಧಕ ಶಕ್ತಿಯಿಲ್ಲದ ಊರಿನಲ್ಲಿ ದಡಾರದ ಒಬ್ಬ ರೋಗಿಯಿಂದ 12ರಿಂದ 18 ಜನರಿಗೆ ರೋಗ ಹರಡುತ್ತದೆ. ಸರಾಸರಿ 15 ಎಂದಿಟ್ಟುಕೊಳ್ಳೋಣ. ರೋಗಿಯ ಸಂಪರ್ಕಕ್ಕೆ ಬರುವ ಈ 15 ಜನರಲ್ಲಿ 14 ಜನರಿಗೆ ನಿರೋಧಕ ಶಕ್ತಿಯಿದ್ದರೆ ಒಬ್ಬನಿಂದ ಒಬ್ಬನಿಗೆ ಮಾತ್ರ ರೋಗ ತಗಲುತ್ತದೆ. ಅದಕ್ಕಿಂತಲೂ ಹೆಚ್ಚು ಜನರಿಗೆ ಶಕ್ತಿಯಿದ್ದರೆ ರೋಗವು ತಾನಾಗಿಯೇ ನಂದುತ್ತದೆ. ಹದಿನೈದರಲ್ಲಿ ಹದಿನಾಲ್ಕು ಎಂದರೆ ಶೇಕಡ 93. ಆದುದರಿಂದಲೇ ಪ್ರತಿ ಊರಿನಲ್ಲಿಯೂ ಶೇಕಡ 95ರಷ್ಟು ಮಕ್ಕಳಿಗೆ ಎರಡು ಬಾರಿ ಲಸಿಕೆಯಾಗಬೇಕೆಂಬ ಗುರಿಯನ್ನು ಇಡಲಾಗಿದೆ. ಈ ಗೋಡೆಯ ಮರೆಯಲ್ಲಿಯೇ ಲಸಿಕೆಯ ವಯಸ್ಸಿಗೆ ಇನ್ನೂ ಬಾರದ ಹಸುಗೂಸುಗಳೂ, ಬೇರೆ ಕಾಯಿಲೆಗಳ ಕಾರಣ ಲಸಿಕೆ ಪಡೆಯಲಾಗದ ಮಕ್ಕಳೂ ಸುರಕ್ಷಿತವಾಗಿರುತ್ತಾರೆ.

ಈಗ ವರ್ಷಕ್ಕೆ 400 ಮಕ್ಕಳು ಜನಿಸುವ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದ ವ್ಯಾಪ್ತಿಯನ್ನು ಊಹಿಸಿಕೊಳ್ಳಿ. ಅವರಲ್ಲಿ ಶೇಕಡ 90ರಷ್ಟು, ಎಂದರೆ 360 ಮಕ್ಕಳಿಗೆ ಮೊದಲನೆಯ ಲಸಿಕೆಯಾಯಿತು. 40 ಮಕ್ಕಳು ಉಳಿದರು. ಒಂಬತ್ತನೆಯ ತಿಂಗಳಲ್ಲಿ ಹಾಕುವ ಲಸಿಕೆಯು ನೂರರಲ್ಲಿ ಸುಮಾರು 85 ಮಕ್ಕಳಲ್ಲಿ ಮಾತ್ರ ಪೂರ್ಣ ಶಕ್ತಿಯನ್ನು ಹುಟ್ಟಿಸುತ್ತದೆ. ಅಂತೆಯೇ ಲಸಿಕೆ ಪಡೆದವರಲ್ಲಿಯೂ 54 ಮಕ್ಕಳು ರಕ್ಷಣೆಯಿಲ್ಲದೆ ಉಳಿಯುತ್ತಾರೆ. ಒಟ್ಟು 94 ಮಕ್ಕಳಾದರು. ಎರಡನೆಯ ಲಸಿಕೆಯನ್ನು ಕಡೆಗಣಿಸಿದರೆ ಪ್ರತಿವರ್ಷವೂ ಇಷ್ಟೇ ಮಕ್ಕಳು ಸೇರುತ್ತ ಹೋಗಿ ನಾಲ್ಕು ವರ್ಷಗಳಲ್ಲಿ 376 ಆಗುತ್ತಾರೆ. ಹನಿಗೂಡಿ ಹಳ್ಳವಾಗುವುದೆಂದರೆ ಇದೇ. ಕಾಗದದ ಮೇಲೆ ಶೇಕಡ 90ರ ಸಾಧನೆಯಿದ್ದರೂ ಊರಿನಲ್ಲಿ ಒಂದು ಇಡೀ ವರ್ಷದಲ್ಲಿ ಹುಟ್ಟಿದ ಮಕ್ಕಳಷ್ಟು ಜನ ರೋಗಕ್ಕೆ ತೆರೆದುಕೊಂಡಿರುತ್ತಾರೆ. ಒಂದು ಕಿಡಿ ಸಾಕು.

ಇಂತಹ ಕಿಡಿಯು ಬಿದ್ದುದಕ್ಕೆ ನಿದರ್ಶನಗಳು ಹಲವು. ಕೋವಿಡ್ ಪಿಡುಗಿನ ಕಾಲದಲ್ಲಿ ಲಸಿಕಾ ಕಾರ್ಯವು ಎಲ್ಲೆಡೆ ಕುಂಠಿತಗೊಂಡು 2021ರಲ್ಲಿ ಪ್ರಪಂಚದ ಸುಮಾರು ಎರಡೂವರೆ ಕೋಟಿ ಶಿಶುಗಳಿಗೆ ದಡಾರದ ಮೊದಲನೆಯ ಲಸಿಕೆಯೇ ದೊರೆಯಲಿಲ್ಲ. 2022ರ ಕೊನೆಯಲ್ಲಿ ಮುಂಬಯಿಯ ಗೋವಂಡಿ ಮುಂತಾದ ಕಿಕ್ಕಿರಿದ ಬಡಾವಣೆಗಳಲ್ಲಿ ದಡಾರವು ಹಬ್ಬಿ ಮಕ್ಕಳ ಸಾವುಗಳು ಸಂಭವಿಸಿದವು. 2016ರಲ್ಲಿ ಉತ್ತರ ಮತ್ತು ದಕ್ಷಿಣ ಅಮೆರಿಕ ಖಂಡಗಳು ದಡಾರಮುಕ್ತವೆಂದು ಘೋಷಿಸಲ್ಪಟ್ಟಿದ್ದರೂ, ವೆನೆಜುವೆಲಾ ಮತ್ತು ಬ್ರೆಜಿಲ್ ದೇಶಗಳಲ್ಲಿ ಎರಡು ಮೂರು ವರ್ಷಗಳೊಳಗೆ ಅದು ಮತ್ತೆ ತಳವೂರಿತು. ಈ ರೋಗದ ಮೇಲಿನ ಗೆಲುವು ಪ್ರತಿವರ್ಷವೂ, ಆಯಾ ವರ್ಷ ಹುಟ್ಟಿದ ಮಕ್ಕಳೊಡನೆ, ಹೊಸದಾಗಿ ಗಳಿಸಬೇಕಾದ ಗೆಲುವು.

ಲಸಿಕೆ

ಅಮೆರಿಕದ ವಿಜ್ಞಾನಿ ಜಾನ್ ಎಂಡರ್ಸ್ ಮತ್ತು ಅವರ ಸಹೋದ್ಯೋಗಿಗಳು 1954ರಲ್ಲಿ ದಡಾರದ ವೈರಸ್ಸನ್ನು ಬೇರ್ಪಡಿಸಿದರು. 1963ರಲ್ಲಿ ಲಸಿಕೆಯು ಬಳಕೆಗೆ ಬಂದಿತು. ನಮ್ಮ ದೇಶದಲ್ಲಿ 1985ರಲ್ಲಿ ಇದನ್ನು ಸಾರ್ವತ್ರಿಕ ಲಸಿಕಾ ಕಾರ್ಯಕ್ರಮದಲ್ಲಿ ಸೇರಿಸಲಾಯಿತು. 2010ರಿಂದ ಎರಡನೆಯ ಲಸಿಕೆಯನ್ನೂ ನೀಡಲಾರಂಭಿಸಲಾಯಿತು. 2017ರ ಫೆಬ್ರವರಿಯಲ್ಲಿ ದಡಾರ ಮತ್ತು ರುಬೆಲ್ಲಾ ಎರಡನ್ನೂ ತಡೆಯುವ ಜಂಟಿ ಲಸಿಕೆಯ ಆಂದೋಲನವು ಪ್ರಾರಂಭವಾದಾಗ ಮೊದಲ ಹಂತದ ರಾಜ್ಯಗಳಲ್ಲಿ ಕರ್ನಾಟಕವೂ ಒಂದಾಗಿತ್ತು. ರುಬೆಲ್ಲಾ ರೋಗವು ಗರ್ಭಿಣಿಗೆ ಬಂದರೆ ಹುಟ್ಟುವ ಮಗುವಿಗೆ ಕಿವುಡು, ಕಣ್ಣಿನ ಪೊರೆ, ಹೃದಯದ ನ್ಯೂನತೆಗಳು ಉಂಟಾಗಬಹುದು. ಇಂದು ಹೆಣ್ಣುಮಗುವಿಗೆ ಹಾಕುವ ಲಸಿಕೆಯು ಮುಂದೆ ಅವಳ ಮಗುವನ್ನೂ ಕಾಪಾಡುತ್ತದೆ.

ಮೊದಲನೆಯ ಲಸಿಕೆಯನ್ನು ಒಂಬತ್ತು ತಿಂಗಳು ತುಂಬಿದೊಡನೆ, ಎರಡನೆಯದನ್ನು 16ರಿಂದ 24 ತಿಂಗಳೊಳಗೆ ಹಾಕಿಸತಕ್ಕದ್ದು. ತಾಯಿಯಿಂದ ಬಂದ ರಕ್ಷಕ ವಸ್ತುಗಳು ಮಗುವಿನ ದೇಹದಲ್ಲಿ ಕೆಲವು ತಿಂಗಳು ಉಳಿದಿರುವುದರಿಂದ ಅದಕ್ಕೂ ಮೊದಲು ಹಾಕಿದ ಲಸಿಕೆಯು ಚೆನ್ನಾಗಿ ಫಲಿಸುವುದಿಲ್ಲ. ಎರಡೂ ಲಸಿಕೆಗಳಾದ ಮಕ್ಕಳಲ್ಲಿ ನೂರಕ್ಕೆ 97ರಷ್ಟು ಮಂದಿಗೆ ರಕ್ಷಣೆ ದೊರೆಯುತ್ತದೆ. ಪ್ರಾಥಮಿಕ ಆರೋಗ್ಯ ಕೇಂದ್ರ, ಉಪಕೇಂದ್ರ ಮತ್ತು ಅಂಗನವಾಡಿಗಳಲ್ಲಿ ಲಸಿಕೆಯನ್ನು ಉಚಿತವಾಗಿ ನೀಡಲಾಗುತ್ತದೆ.

ತಾಯಂದಿರ ಸಂದೇಹಗಳು

ಲಸಿಕಾ ದಿನಗಳಂದು ತಾಯಂದಿರು ಕೇಳುವ ಕೆಲವು ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸುವುದು ಉಚಿತವಾಗಿದೆ.

ಮಗುವಿಗೆ ಸ್ವಲ್ಪ ನೆಗಡಿಯಿದೆ, ಲಸಿಕೆ ಹಾಕಿಸಬಹುದೇ? ಸಣ್ಣ ನೆಗಡಿ, ಕೆಮ್ಮು, ಅಲ್ಪ ಭೇದಿ ಇವು ಲಸಿಕೆಗೆ ಅಡ್ಡಿಯಲ್ಲ. “ಮುಂದಿನ ತಿಂಗಳು ನೋಡೋಣ” ಎಂದು ಮುಂದೂಡಿದ ಲಸಿಕೆಗಳಲ್ಲಿ ಎಷ್ಟೋ ಶಾಶ್ವತವಾಗಿ ಉಳಿದುಹೋಗುತ್ತವೆ. ತೀವ್ರವಾದ ಜ್ವರವಿದ್ದರೆ ವೈದ್ಯರಿಗೆ ತೋರಿಸಿ ಅವರ ಸಲಹೆಯಂತೆ ನಡೆಯಬೇಕು.

ಲಸಿಕೆಯಿಂದ ಜ್ವರ ಬರುವುದೇ? ಒಂದು ವಾರದಿಂದ ಹನ್ನೆರಡು ದಿನಗಳ ಅವಧಿಯಲ್ಲಿ ಕೆಲವು ಮಕ್ಕಳಿಗೆ ಸಾಧಾರಣ ಜ್ವರವೂ ಅಲ್ಪಸ್ವಲ್ಪ ದದ್ದುಗಳೂ ಕಾಣಿಸಿಕೊಂಡು ತಾವಾಗಿಯೇ ಹೋಗುತ್ತವೆ. ದೇಹವು ಲಸಿಕೆಗೆ ಓಗೊಡುತ್ತಿದೆಯೆಂಬುದರ ಗುರುತಿದು.

ಮಗುವಿಗೆ ಹಿಂದೆ ದದ್ದು ಎದ್ದಿತ್ತು, ಇನ್ನು ಲಸಿಕೆಯೇಕೆ? ದದ್ದು ಏಳುವ ಕಾಯಿಲೆಗಳು ಹಲವಾರು. ಎದ್ದುದು ದಡಾರವೇ ಎಂದು ನೋಟಮಾತ್ರದಿಂದ ಹೇಳಲಾಗದು. ಹಿಂದೆ ದಡಾರ ಬಂದಿದ್ದರೂ ಲಸಿಕೆಯಿಂದ ಕೇಡಿಲ್ಲ.

ಲಸಿಕೆ ಹಾಕುವ ದಿನ ವೇಳೆಗೆ ಸರಿಯಾಗಿ ಬರಬೇಕೆಂದು ಆರೋಗ್ಯ ಸಹಾಯಕಿಯು ಒತ್ತಾಯಿಸುವುದೇಕೆ? ಲಸಿಕೆಯನ್ನು ಕಲಸಿದ ಮೇಲೆ ನಾಲ್ಕು ಗಂಟೆಗಳೊಳಗೆ ಉಪಯೋಗಿಸಿ ಉಳಿದುದನ್ನು ಚೆಲ್ಲಬೇಕು. ಅನಂತರ ಅದನ್ನು ಬಳಸುವುದು ಅಪಾಯಕರ. ಆದರೆ ಸೀಸೆಯು ವ್ಯರ್ಥವಾಗುವುದೆಂಬ ಕಾರಣದಿಂದ ಬಂದ ಮಗುವನ್ನು ಹಿಂದಕ್ಕೆ ಕಳುಹಿಸುವುದೂ ಸಲ್ಲದು. ಒಂದೇ ಮಗು ಬಂದರೂ ಸೀಸೆಯನ್ನು ತೆರೆಯತಕ್ಕದ್ದು. ಔಷಧಿಯು ಮತ್ತೆ ದೊರೆಯುತ್ತದೆ, ಕೈತಪ್ಪಿದ ಮಗು ಮತ್ತೆ ದೊರೆಯುವುದೆಂಬ ಭರವಸೆಯಿಲ್ಲ.

ರೋಗ ಬಂದಾಗ ಮಾಡತಕ್ಕದ್ದು

ಜ್ವರದೊಡನೆ ದದ್ದು ಕಾಣಿಸಿಕೊಂಡ ಯಾವ ಮಗುವನ್ನಾದರೂ ತಡಮಾಡದೆ ಆರೋಗ್ಯ ಕೇಂದ್ರಕ್ಕೆ ತೋರಿಸಬೇಕು. ಹೋಗುವ ಮುನ್ನ ಆಶಾ ಕಾರ್ಯಕರ್ತೆಗೆ ಸುದ್ದಿ ಮುಟ್ಟಿಸಿದರೆ ಇತರ ಶಿಶುಗಳ ನಡುವೆ ಕುಳಿತು ಕಾಯುವ ಪ್ರಸಂಗವನ್ನು ತಪ್ಪಿಸಬಹುದು. ದದ್ದು ಎದ್ದ ಅನಂತರ ನಾಲ್ಕು ದಿನ ಮಗುವನ್ನು ಇತರ ಮಕ್ಕಳಿಂದ ದೂರವಿರಿಸಬೇಕು. ದಡಾರವಾದ ಮಗುವಿಗೆ ವೈದ್ಯರು ‘ಎ’ ಜೀವಸತ್ತ್ವವನ್ನು ಒಂದು ದಿನಕ್ಕೊಮ್ಮೆಯಂತೆ ಎರಡು ದಿನ ಕೊಡುತ್ತಾರೆ. ಇದರಿಂದ ಕಣ್ಣುಗಳು ಉಳಿಯುವುದಲ್ಲದೆ ಸಾವಿನ ಸಂಭವವೂ ಕಡಿಮೆಯಾಗುತ್ತದೆ. ವೈದ್ಯರು ಹೇಳಿದ ಪ್ರಮಾಣವನ್ನು ಮೀರಕೂಡದು.

ಅಮ್ಮ ಬಂದಿದ್ದಾಳೆಂದು ಬಾಗಿಲಿಗೆ ಬೇವಿನ ಸೊಪ್ಪು ಕಟ್ಟುವುದು, ಮನೆಯನ್ನು ಮಡಿಯಾಗಿಡುವುದು, ಹೊರಗಿನವರನ್ನು ಒಳಗೆ ಸೇರಿಸದಿರುವುದು ನಮ್ಮ ಹಿರಿಯರ ಪದ್ಧತಿ. ಇವುಗಳಿಂದ ಬಾಧಕವಿಲ್ಲ. ಹೊರಗಿನವರನ್ನು ದೂರವಿಡುವುದಂತೂ ಹಿತಕರವೇ. ಆದರೆ ಪಥ್ಯದ ಹೆಸರಿನಲ್ಲಿ ಮಗುವಿಗೆ ಆಹಾರವನ್ನು ಕಡಿಮೆ ಮಾಡುವುದು, ಔಷಧಿ ಕೊಟ್ಟರೆ ದೇವಿ ಮುನಿಯುವಳೆಂದು ಆಸ್ಪತ್ರೆಯನ್ನು ವರ್ಜಿಸುವುದು ಪ್ರಾಣಾಂತಿಕವಾಗಬಹುದು. ಎದೆಹಾಲನ್ನು ಎಂದಿಗಿಂತ ಹೆಚ್ಚಾಗಿ ಕುಡಿಸಬೇಕು. ರಾಗಿಗಂಜಿ, ಬೇಳೆಯ ಕಟ್ಟು, ಮೆದುವಾದ ಅನ್ನ, ಪಪಾಯಿ ಹಣ್ಣು ಮುಂತಾದುವನ್ನು ಸ್ವಲ್ಪಸ್ವಲ್ಪವಾಗಿ ಹಲವು ಬಾರಿ ತಿನ್ನಿಸಬೇಕು. ಭೇದಿಯಿದ್ದರೆ ಓ.ಆರ್.ಎಸ್. ದ್ರಾವಣವನ್ನು ಕುಡಿಸಬೇಕು. ಉಸಿರಾಟವು ವೇಗವಾದರೆ, ಎದೆಯು ಒಳಕ್ಕೆ ಸೆಳೆದಂತಾದರೆ, ಮಗು ಹಾಲು ಕುಡಿಯದಿದ್ದರೆ, ಫಿಟ್ಸ್ ಬಂದರೆ ಅಥವಾ ಕಣ್ಣಿನ ಪಾಪೆ ಮಸುಕಾದರೆ ಒಂದು ಗಳಿಗೆಯೂ ವ್ಯರ್ಥಮಾಡದೆ ಆಸ್ಪತ್ರೆಗೆ ಸೇರಿಸಬೇಕು.

ಎಲ್ಲರ ಹೊಣೆ

ಲಸಿಕೆ ತಪ್ಪಿಹೋಗುವ ಮಕ್ಕಳು ಯಾರು? ಕಬ್ಬು ಕಡಿಯಲು ಬಂದು ಗದ್ದೆಯ ಬದುವಿನಲ್ಲಿ ಗುಡಿಸಲು ಹಾಕಿಕೊಂಡವರ ಮಕ್ಕಳು. ಕಟ್ಟಡದ ಕೆಲಸಕ್ಕೆಂದು ಊರಿಂದೂರಿಗೆ ಅಲೆಯುವವರ ಮಕ್ಕಳು. ಇಟ್ಟಿಗೆ ಗೂಡುಗಳ ಬಳಿ, ಕುರಿಹಟ್ಟಿಗಳಲ್ಲಿ, ಕಾಫಿ ತೋಟದ ಸಾಲುಮನೆಗಳಲ್ಲಿ ಇರುವ ಮಕ್ಕಳು. ತಾಯಿ ಕಾರ್ಡನ್ನು ಒಂದೂರಿನಲ್ಲಿ ಬಿಟ್ಟು ಮತ್ತೊಂದೂರಿಗೆ ಬಂದವರನ್ನು ಯಾವ ಊರಿನ ಪಟ್ಟಿಯೂ ತನ್ನವರೆಂದು ಎಣಿಸದಿರಬಹುದು. ರೋಗವು ಮಾತ್ರ ಅವರನ್ನು ತಪ್ಪದೆ ಹುಡುಕಿ ಹಿಡಿಯುತ್ತದೆ. ಅಲ್ಲಿಂದ ಹೊರಟು ಊರಿನ ಪ್ರತಿ ಮನೆಯ ತೊಟ್ಟಿಲನ್ನೂ ಮುಟ್ಟುತ್ತದೆ. ಆದುದರಿಂದ ತಮ್ಮ ಹೊಲದಲ್ಲಿ, ತೋಟದಲ್ಲಿ, ಕಟ್ಟಡದಲ್ಲಿ ದುಡಿಯುವವರ ಮಕ್ಕಳಿಗೆ ಲಸಿಕೆಯಾಗಿದೆಯೇ ಎಂದು ವಿಚಾರಿಸುವುದು ಮಾಲೀಕರ ಕರ್ತವ್ಯ. ಗ್ರಾಮ ಪಂಚಾಯಿತಿ ಸದಸ್ಯರು, ಶಿಕ್ಷಕರು, ಮಹಿಳಾ ಸಂಘಗಳವರು ಇಂತಹ ಮಕ್ಕಳನ್ನು ಗುರುತಿಸಿ ಆರೋಗ್ಯ ಸಹಾಯಕಿಗೆ ತಿಳಿಸಬೇಕು. ಕಾರ್ಡು ಇಲ್ಲವೆಂದು ಯಾವ ಮಗುವಿಗೂ ಲಸಿಕೆಯನ್ನು ನಿರಾಕರಿಸಬೇಕಾಗಿಲ್ಲ.

ದಡಾರವು ಮನುಷ್ಯರನ್ನು ಬಿಟ್ಟು ಬೇರೆಲ್ಲಿಯೂ ಬಾಳಲಾರದು. ಲಸಿಕೆಯು ಉತ್ತಮವಾಗಿದೆ, ಅದರ ರಕ್ಷಣೆಯು ದೀರ್ಘಕಾಲ ಉಳಿಯುತ್ತದೆ. ಸಿಡುಬಿನಂತೆ ಇದನ್ನೂ ಭೂಮಿಯಿಂದ ತೊಡೆದುಹಾಕಲು ಬೇಕಾದ ಸಾಧನಗಳು ನಮ್ಮಲ್ಲಿವೆ. ಇವನ್ನು ಮಗುವಿನ ಬಳಿಗೆ ತಲುಪಿಸುವುದು ಮಾತ್ರ ಉಳಿದಿರುವ ಕೆಲಸ. ಈ ಪುಸ್ತಿಕೆಯನ್ನು ಓದಿದ ತಾಯಿತಂದೆಯರು ಇಂದೇ ತಮ್ಮ ಮಗುವಿನ ತಾಯಿ ಕಾರ್ಡನ್ನು ತೆಗೆದು ದಡಾರದ ಸಾಲಿನಲ್ಲಿ ಎರಡು ದಿನಾಂಕಗಳು ಬರೆದಿವೆಯೇ ಎಂದು ನೋಡಬೇಕಾಗಿ ವಿನಂತಿ. ಎರಡು ವರ್ಷ ದಾಟಿದ ಮಗುವಿನ ಕಾರ್ಡಿನಲ್ಲಿ ಒಂದೇ ದಿನಾಂಕವಿದ್ದರೆ ಇನ್ನೂ ಕಾಲ ಮಿಂಚಿಲ್ಲ. ತಪ್ಪಿದ ಲಸಿಕೆಯನ್ನು ಐದು ವರ್ಷದವರೆಗೂ ಹಾಕಲಾಗುತ್ತದೆ. ಮುಂದಿನ ಲಸಿಕಾ ದಿನದಂದು ಮಗುವನ್ನು ಕರೆತನ್ನಿ. ಬರುವಾಗ ನೆರೆಮನೆಯ ಮಗುವಿನ ಕಾರ್ಡನ್ನೂ ಒಮ್ಮೆ ವಿಚಾರಿಸಿ ಬನ್ನಿ.